ೞಕಾರಕ್ಕೆ ಒದಗಿದ ಅಪನಾಮ

ಸೊರಬದ ಸೀಮೆಯ ಕುಬಟೂರಿಗೆ ಹೋದವರು ಕೈಟಭೇಶ್ವರನ ಗುಡಿಯನ್ನು ಕಂಡು ಬೆರಗಾಗುವರು. ಶಾಸನದ ಕಲ್ಲುಗಳೆದುರು ನಿಲ್ಲುವವರು ವಿರಳ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯ ಧರ್ಮಕಾರ್ಯವನ್ನು ಸಾರುವ 1077ರ ಬಸದಿಯ ಶಾಸನ ಈ ಊರಿನದೇ. ಸೊರಬದ ಶಾಸನಗಳನ್ನು ರೈಸ್ ಮಹಾಶಯರು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟವಾಗಿ ಅಚ್ಚುಹಾಕಿಸಿದರು. ಈಗ ಹಳಗನ್ನಡದ ಇಂತಹ ಬರಹಗಳು ಗಣಕಯಂತ್ರವನ್ನೇರುವ ಕಾಲ. ಏರುವಾಗ ಒಂದಕ್ಷರವು ಜಾರಿ ಬೀಳುವುದುಂಟು. ಅದೇ ೞ.

ಲೋಕದ ಲಿಪಿಗಳಿಗೆಲ್ಲ ಅಂಕೆಯನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯು 1990ರ ದಶಕದ ಆರಂಭದಲ್ಲಿಯೇ ಇದಕ್ಕೆ 3294 ಎಂಬ ಅಂಕೆಯನ್ನಿತ್ತಿತು. ಆದರೆ ಇಟ್ಟ ಹೆಸರು ‘ಕನ್ನಡದ ಫಾ ಅಕ್ಷರ’! ಪಂಪನ ಕಾಲದ ೞಕಾರಕ್ಕೂ ಫಾ ಎಂಬ ಧ್ವನಿಗೂ ಏನು ನಂಟು? ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ಕಟ್ಟಳೆ. ಹೆಸರನ್ನು ನಂಬಿ ನಡೆವ ಯಂತ್ರಗಳು ಕೆಡದಿರಲೆಂದು ಅದನ್ನು ಮಾಡಿದರು. ಹೀಗೆ ತಪ್ಪು ಶಾಶ್ವತವಾಯಿತು. ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿತು.

“ಯಂತ್ರಕ್ಕೆ ಅಂಕೆ ಸಾಕು, ಹೆಸರಿನಿಂದೇನು? ಸತ್ತ ಅಕ್ಷರಕ್ಕೆ ಇಷ್ಟು ಶೋಕವೇಕೆ?” ಎಂದು ನುಡಿವವರುಂಟು. ಹೆಸರನ್ನು ನಂಬಿ ಹುಡುಕುವ ಪರದೇಶದ ವಿದ್ಯಾರ್ಥಿಗೆ ಇದು ದಾರಿ ತಪ್ಪಿಸುವ ಕೈಮರವೆಂಬುದನ್ನು ಅವರು ಮರೆಯುತ್ತಾರೆ. ಇನ್ನು ಸತ್ತ ಅಕ್ಷರವೆಂಬ ಮಾತು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಆಳ್’ ಎಂದರೆ ಒಡೆತನ ನಡೆಸು, ‘ಆೞ್’ ಎಂದರೆ ಮುಳುಗು. ೞವನ್ನು ಅಳಿಸಿದರೆ, ಅರಸನು ನಾಡನ್ನು ಆಳಿದನೋ ನೀರಿನಲ್ಲಿ ಮುಳುಗಿದನೋ ಹೇಳುವವರಾರು? ಹದಿಮೂರನೆಯ ಶತಮಾನದ ಕೇಶಿರಾಜನು ಈ ಗೊಂದಲವನ್ನರಿತೇ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಶಬ್ದಗಳನ್ನು ಪಟ್ಟಿಮಾಡಿಟ್ಟನು.

ಆದರೂ ಅಪರಾಧವನ್ನೆಲ್ಲ ಪರರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರು ಹೆಸರು ಕೆಡಿಸಿದರೂ ಮನೆಯನ್ನು ಕೊಟ್ಟಿದ್ದಾರೆ. ಕೀಲಿಮಣೆಯಲ್ಲಿ ಹುಡುಕುವ ಶ್ರಮಕ್ಕಂಜಿ, ಆ ಮನೆಯಲ್ಲಿ ೞವನ್ನು ಇರಿಸದೆ, ಅದರ ಸ್ಥಾನದಲ್ಲಿ ಳವನ್ನು ಕೂರಿಸುವ ಕೈ ಕನ್ನಡಿಗರದೇ. ಹಾಗೆ ಕೆಟ್ಟ ಪಾಠದಲ್ಲಿ ‘ಬಾೞ್’ ಎಂಬುದನ್ನು ನಾಳೆ ಹುಡುಕುವವನಿಗೆ ದೊರಕುವುದು ಶೂನ್ಯ; ಆ ಶಬ್ದವೇ ಇರಲಿಲ್ಲವೆಂದು ಅವನು ಬರೆದರೆ ತಡೆಯುವವರಾರು?

ಆದುದರಿಂದ ಶಾಸನಗಳನ್ನು ಗಣಕಕ್ಕೆ ಏರಿಸುವವರು ಕಲ್ಲಿನಲ್ಲಿರುವ ೞವನ್ನು ೞವಾಗಿಯೇ, ಱವನ್ನು ಱವಾಗಿಯೇ ಬರೆಯತಕ್ಕದ್ದು. ಕಲ್ಲಿನಲ್ಲಿ ಳವಿದ್ದರೆ ಅದನ್ನೂ ತಿದ್ದದೆ ಬಿಡತಕ್ಕದ್ದು. ಪರರು ಇಟ್ಟ ತಪ್ಪು ಹೆಸರು ಎಂದಿಗೂ ಅಳಿಯದು. ತನ್ನವರೇ ಅಕ್ಷರವನ್ನು ಅಳಿಸದಿರುವುದಾದರೂ ಕನ್ನಡಿಗರ ಕೈಯಲ್ಲಿದೆ.