ಇನ್ನೂರು ಚೂರಿ ಬಡಿದವನೆಲ್ಲ ಕಮ್ಮಾರನಾ?

ಸ್ಕೈರಿಮ್ ಆಡಿದವರಿಗೆ ಈ ಲೆಕ್ಕ ಬಾಯಿಪಾಠ. ಒಂದು ಕಬ್ಬಿಣದ ಗಟ್ಟಿ, ಒಂದು ತೊಗಲಿನ ಪಟ್ಟಿ, ಒಂದು ಕ್ಲಿಕ್, ಒಂದು ಚೂರಿ. ಮತ್ತೆ ಕ್ಲಿಕ್, ಮತ್ತೆ ಚೂರಿ. 2011ರ ನವೆಂಬರ್‌ನಲ್ಲಿ ಆಟ ಬಂದಾಗ ಕಮ್ಮಾರಿಕೆಯ ಲೆವೆಲ್ ಏರಿಸೋಕೆ ಎಷ್ಟೋ ಜನ ಹಿಡಿದ ದಾರಿ ಇದೇ. 2012ರಲ್ಲಿ ಬಂದ ಪ್ಯಾಚ್ ಇದನ್ನ ತಡೆಯೋಕೆ ನೋಡ್ತು. ಮಾಡಿದ ವಸ್ತುವಿನ ಬೆಲೆಗೆ ತಕ್ಕ ಹಾಗೆ ಅನುಭವದ ಅಂಕ ಕೊಡೋಕೆ ಶುರುಮಾಡ್ತು. ಆಮೇಲೆ ಏನಾಯ್ತು? ಜನ ಚೂರಿ ಬಿಟ್ಟು ಚಿನ್ನದ ಉಂಗುರ ಮಾಡೋಕೆ ಕೂತ್ರು. ವಸ್ತು ಬದಲಾಯ್ತು, ಕ್ಲಿಕ್ಕು ಹಾಗೇ ಉಳೀತು.

ಇದನ್ನ ನೋಡಿದ್ರೆ ನಮಗೆ ಲ್ಯಾಬ್ ರೆಕಾರ್ಡ್ ನೆನಪಾಗುತ್ತೆ. ಹತ್ತು ಎಕ್ಸ್‌ಪೆರಿಮೆಂಟ್ ಬರೆದಿದ್ದೀವಿ ಅನ್ನೋದು ಸಹಿ ಹಾಕೋರಿಗೆ ಗೊತ್ತಾಗುತ್ತೆ. ಬರೆದವರಿಗೆ ಏನು ತಿಳೀತು ಅನ್ನೋದು ಆ ಪುಸ್ತಕದಲ್ಲಿ ಎಲ್ಲೂ ಇರಲ್ಲ.

ಮೊದಲೇ ಹೇಳಿಬಿಡ್ತೀವಿ, ನಾವು ಸ್ಕೈರಿಮ್‌ನ ವೈರಿಗಳಲ್ಲ. ಇಷ್ಟು ವರ್ಷ ಆದ್ರೂ ಮಾಡ್ ಹಾಕ್ಕೊಂಡು ಜನ ಇನ್ನೂ ಆಡ್ತಿರೋ ಆಟ ಅದು, ಸುಮ್ನೆ ಅಲ್ಲ. ಆದ್ರೆ ಫ್ಯಾಂಟಸಿ ಆಟಗಳಲ್ಲಿ "ಆಳ" ಅಂದ ತಕ್ಷಣ ಇನ್ನಷ್ಟು ರೆಸಿಪಿ, ಇನ್ನಷ್ಟು ಅದಿರು, ಇನ್ನೂ ದೊಡ್ಡ ಸ್ಕಿಲ್ ಟ್ರೀ ಅಂತ ಹೊರಡೋದಿದೆಯಲ್ಲ, ಅದರ ಬಗ್ಗೆ ನಮ್ಮ ತಕರಾರು. ನಮ್ಮ ಪ್ರಕಾರ ಆಳ ಬರೋದು ಎರಡು ಕಡೆಯಿಂದ. ಪಾತ್ರಕ್ಕೆ ಏನು ಬರಲ್ಲ ಅನ್ನೋದು ಆಟಕ್ಕೆ ಗೊತ್ತಿರಬೇಕು. ಮಾಡಿದ ವಸ್ತುವನ್ನ ಯಾರು, ಹೇಗೆ ಮಾಡಿದ್ರು ಅನ್ನೋದು ಆಟಕ್ಕೆ ನೆನಪಿರಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನ ಹೊರತಂದ್ರು. ಅದರಲ್ಲೂ ಶಕ್ತಿ, ಬುದ್ಧಿ ಎಲ್ಲದಕ್ಕೂ ಅಂಕಿ ಇತ್ತು. ಆದ್ರೆ ಮೇಜಿನ ಆ ಕಡೆ ಆಟ ನಡೆಸೋ ಒಬ್ಬ ಮನುಷ್ಯ ಕೂತಿರ್ತಿದ್ದ. ಹೋದ ವಾರ ನೀವು ಹಳ್ಳಿಯ ಗಿರಣಿಯವನಿಗೆ ಮೋಸ ಮಾಡಿದ್ರೆ ಈ ವಾರ ಅವನ ಮಗ ನಿಮಗೆ ಹಿಟ್ಟು ಕೊಡಲ್ಲ ಅಂತ ತೀರ್ಮಾನ ಮಾಡ್ತಿದ್ದವನು ಅವನೇ. ಅಂಕಿಗೆ ಅರ್ಥ ಕೊಡ್ತಿದ್ದದ್ದು ಅವನ ನೆನಪು. ಕಂಪ್ಯೂಟರಿಗೆ ಆಟ ಬಂದಾಗ ಅಂಕಿಗಳು ಸಲೀಸಾಗಿ ಬಂದ್ವು, ಆ ಮನುಷ್ಯ ಬರಲಿಲ್ಲ. ಅಲ್ಲಿಂದ ಇಲ್ಲಿವರೆಗೆ ಒಳ್ಳೇ ಆಟಗಳೆಲ್ಲ ಅವನ ಖಾಲಿ ಕುರ್ಚಿ ತುಂಬೋಕೆ ಒದ್ದಾಡ್ತಿವೆ.

2002ರ ಮೊರೋವಿಂಡ್ ತೆಗೆದುಕೊಳ್ಳಿ. ಸ್ಕೈರಿಮ್ ಮಾಡಿದ ಕಂಪನಿಯದ್ದೇ, ಅದೇ ಸರಣಿಯ ಆಟ. ಅಲ್ಲಿ ಮಂತ್ರವಾದಿಗಳ ಸಂಘದಲ್ಲಿ ಮೇಲಿನ ಹುದ್ದೆ ಬೇಕು ಅಂದ್ರೆ ಮಂತ್ರವಿದ್ಯೆಯ ಕೌಶಲ ಅಷ್ಟು ಇರಲೇಬೇಕು. ಮೂರು ದೊಡ್ಡ ಮನೆತನಗಳಲ್ಲಿ ಒಂದಕ್ಕೆ ಸೇರಿದ್ರೆ ಉಳಿದೆರಡರ ಬಾಗಿಲು ಮುಚ್ಚಿದ ಹಾಗೇ. ಸ್ಕೈರಿಮ್‌ಗೆ ಬರೋ ಹೊತ್ತಿಗೆ ಈ ಬಾಗಿಲುಗಳೆಲ್ಲ ತೆರೆದುಕೊಂಡ್ವು. ಮಂತ್ರ ಅಷ್ಟಾಗಿ ಪಳಗದವನೂ ವಿಂಟರ್‌ಹೋಲ್ಡ್ ಕಾಲೇಜಿನ ಮುಖ್ಯಸ್ಥ ಆಗಬಹುದು. ಅವನೇ ಕಳ್ಳರ ಸಂಘಕ್ಕೂ ಯಜಮಾನ, ಯೋಧರ ಪಡೆಗೂ ನಾಯಕ. ಕೇಳೋಕೆ ಸ್ವಾತಂತ್ರ್ಯ ಅನ್ಸುತ್ತೆ. ಆದ್ರೆ ಎಲ್ಲವೂ ಆಗಬಲ್ಲ ಪಾತ್ರ ಕೊನೆಗೆ ಯಾರೂ ಆಗಿರಲ್ಲ. ನೂರು ಗಂಟೆ ಆಡಿದ ಮೇಲೆ ನಿಮ್ಮ ಪಾತ್ರಕ್ಕೂ ಪಕ್ಕದ ರೂಮಿನವರ ಪಾತ್ರಕ್ಕೂ ವ್ಯತ್ಯಾಸ ಏನು ಅಂತ ಕೇಳಿದ್ರೆ ಹೆಲ್ಮೆಟ್ಟಿನ ಬಣ್ಣ ಹೇಳಬೇಕಾಗುತ್ತೆ.

ಬರದೇ ಇರೋದು ಹೇಗೆ ಪಾತ್ರವನ್ನ ಕಟ್ಟುತ್ತೆ ಅಂತ ನೋಡಬೇಕಂದ್ರೆ 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ನೋಡಿ. ಅದರಲ್ಲಿ ಮಾಯ ಮಂತ್ರ ಇಲ್ಲ, ಕತೆ ನಡೆಯೋದು 1403ರ ಬೊಹೀಮಿಯಾದಲ್ಲಿ. ಆದ್ರೂ ಫ್ಯಾಂಟಸಿ ಆಟಗಳಿಗೆ ಅದರಿಂದ ಕಲಿಯೋದಿದೆ. ಅದರ ನಾಯಕ ಹೆನ್ರಿ ಕಮ್ಮಾರನ ಮಗ, ಅವನಿಗೆ ಓದೋಕೆ ಬರಲ್ಲ. ಪುಸ್ತಕ ತೆರೆದ್ರೆ ನಮ್ಮ ಕಣ್ಣಿಗೂ ಅಕ್ಷರಗಳು ಕಲಸಿಹೋಗಿ ಕಾಣ್ತವೆ. ಊರೊಂದರ ಲಿಪಿಕಾರನ ಹತ್ತಿರ ಕೂತು ಕಲಿತ ಮೇಲೆ ನಿಧಾನಕ್ಕೆ ಸಾಲುಗಳು ತಿಳಿಯಾಗ್ತವೆ. ಔಷಧ ಮಾಡಬೇಕಂದ್ರೆ ಸೊಪ್ಪು ಅರೆಯಬೇಕು, ತಿದಿ ಒತ್ತಬೇಕು, ಮರಳು ಗಡಿಯಾರ ತಿರುಗಿಸಿ ಕುದಿಯ ಹೊತ್ತು ನೋಡಬೇಕು. 2025ರಲ್ಲಿ ಬಂದ ಎರಡನೇ ಭಾಗದಲ್ಲಿ ಹೆನ್ರಿ ಕುಲುಮೆಯ ಮುಂದೆಯೂ ನಿಲ್ತಾನೆ. ಕಬ್ಬಿಣ ಕಾಯಿಸಿ, ತಾಳಕ್ಕೆ ಸರಿಯಾಗಿ ಸುತ್ತಿಗೆ ಹಾಕ್ತಾನೆ. ಅಪ್ಪ ಮಾಡಿದ ಕತ್ತಿಯೊಂದು ಕೈತಪ್ಪಿ ಹೋಗೋದೇ ಮೊದಲ ಭಾಗದ ಕತೆಯನ್ನ ಮುಂದಕ್ಕೆ ತಳ್ಳೋ ಸಂಗತಿ. ಆ ಕತ್ತಿಯ ಡ್ಯಾಮೇಜ್ ಎಷ್ಟು ಅಂತ ಯಾರಿಗೂ ನೆನಪಿರಲ್ಲ. ಅದು ಯಾರ ಕೈಕೆಲಸ ಅನ್ನೋದು ಎಲ್ಲರಿಗೂ ನೆನಪಿರುತ್ತೆ.

2015ರ ದಿ ವಿಚರ್ 3ರಲ್ಲಿ ಇನ್ನೊಂದು ಬಗೆಯ ಜಾಣತನ ಇದೆ. ನಾಯಕ ಗೆರಾಲ್ಟ್ ಕಷಾಯಗಳನ್ನ ತಾನೇ ಮಾಡ್ಕೊಳ್ತಾನೆ. ಸಾಮಾನ್ಯ ಮನುಷ್ಯ ಕುಡಿದ್ರೆ ಸಾಯುವಂಥ ಕಷಾಯ ಅವು. ಅವನ ಮೈಯನ್ನೇ ಅದಕ್ಕೆ ತಕ್ಕಂತೆ ಬದಲಿಸಿದ್ದಾರೆ. ಆದ್ರೆ ಕತ್ತಿ, ಕವಚಕ್ಕೆ ಅವನು ಕಮ್ಮಾರರ ಹತ್ತಿರವೇ ಹೋಗಬೇಕು, ನಕ್ಷೆ ಕೊಡಬೇಕು, ದುಡ್ಡು ಕೊಡಬೇಕು. ಏನು ಮಾಡ್ತಾನೆ, ಏನು ಮಾಡಲ್ಲ ಅನ್ನೋದರಲ್ಲೇ ಅವನು ಯಾರು ಅಂತ ಗೊತ್ತಾಗುತ್ತೆ. ಅದರಲ್ಲೇ ಒಂದು ಸಣ್ಣ ಕತೆ ಬರುತ್ತೆ: ಫರ್ಗಸ್ ಅನ್ನೋನ ಅಂಗಡಿಯಲ್ಲಿ ಯೋಆನಾ ಅನ್ನೋ ಹೆಣ್ಣುಮಗಳು ಸಹಾಯಕಿ. ಕವಚ ಮಾಡೋ ನಿಜವಾದ ಕೈ ಅವಳದ್ದು, ಹೆಸರು ಮಾತ್ರ ಅವನದ್ದು. ಅವಳ ಕೆಲಸ ಅವಳದ್ದೇ ಅಂತ ಸಾಬೀತಾದ ಮೇಲೆ ಆಟದ ಅತ್ಯುತ್ತಮ ಕವಚಗಳು ನಮಗೆ ಸಿಗೋದು ಅವಳಿಂದ. ಕ್ರಾಫ್ಟಿಂಗ್ ಅನ್ನೋದು ಮೆನುವಿನಿಂದ ಹೊರಗೆ ಬಂದು ಒಬ್ಬ ವ್ಯಕ್ತಿಯ ಮಾನದ ಪ್ರಶ್ನೆ ಆಗೋದು ಹೀಗೆ.

ಇನ್ನು ಮಾಡೋ ಕೆಲಸದ ಒಳಗಿನ ಮಾತು. ಮೆಟೀರಿಯಲ್ ಸೈನ್ಸ್ ಓದಿದವರಿಗೆ ಗೊತ್ತು, ಉಕ್ಕನ್ನ ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದ್ರೆ ಮಾರ್ಟೆನ್ಸೈಟ್ ಆಗಿ ಗಡುಸಾಗುತ್ತೆ, ಜೊತೆಗೇ ಪೆಟ್ಟು ಬಿದ್ರೆ ಮುರಿಯೋ ಹಾಗಾಗುತ್ತೆ. ಮತ್ತೆ ಹದವಾಗಿ ಕಾಯಿಸಿ ಟೆಂಪರ್ ಮಾಡಿದ್ರೆ ಗಡುಸು ಒಂಚೂರು ಇಳಿದು ತಾಳಿಕೆ ಬರುತ್ತೆ. ಎರಡೂ ಪೂರ್ತಿ ಬೇಕು ಅಂದ್ರೆ ಸಿಗಲ್ಲ. ಸ್ಕೈರಿಮ್‌ನಲ್ಲೂ ಆಯುಧವನ್ನ ಟೆಂಪರ್ ಮಾಡಬಹುದು, ಆದ್ರೆ ಅಲ್ಲಿ ಅಂಕಿ ಮೇಲಕ್ಕೆ ಮಾತ್ರ ಹೋಗುತ್ತೆ. ದೋಸೆ ಹಿಟ್ಟಿಗೂ, ಬಿತ್ತೋ ಮಣ್ಣಿಗೂ, ಕಾದ ಕಬ್ಬಿಣಕ್ಕೂ ಕನ್ನಡದಲ್ಲಿ ನಾವು ಒಂದೇ ಮಾತು ಹೇಳ್ತೀವಿ: ಹದ. ಲೆವೆಲ್ ಏರ್ತಾನೇ ಹೋಗುತ್ತೆ, ಹದ ತಪ್ಪಬಹುದು. ತಪ್ಪಬಹುದಾದ್ದರಿಂದಲೇ ಅದು ಕಸುಬು. ಗಡುಸು ಅಲಗು ಬೇಕಾ, ಬಾಗಿದ್ರೂ ಮುರಿಯದ ಅಲಗು ಬೇಕಾ ಅಂತ ಆಟ ಕೇಳಲಿ. ದುಡುಕು ಸ್ವಭಾವದ ಪಾತ್ರಕ್ಕೆ ಕಾಯೋಕೆ ಆಗದೇ ಇರಲಿ. ಆ ಕತ್ತಿ ಒಯ್ದ ಕಾವಲುಗಾರ ಕಾಡಿನಲ್ಲಿ ಅದು ಮುರಿದು ಸತ್ರೆ, ಅವನ ತಂಗಿ ನಮ್ಮ ಅಂಗಡಿ ಮುಂದೆ ಬಂದು ನಿಲ್ಲಲಿ. ಅವತ್ತು ನಮ್ಮ ಪಾತ್ರ ನಿಜವಾಗಿ ಕಮ್ಮಾರ ಆಗುತ್ತೆ.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ: ಖರ್ಚು. ಹತ್ತು ಹೌದು ಅಥವಾ ಅಲ್ಲ ಆಯ್ಕೆ ಇಟ್ರೆ 1024 ದಾರಿ ಆಗುತ್ತೆ. ಎಲ್ಲಕ್ಕೂ ಸಂಭಾಷಣೆ ಬರೆದು, ದನಿ ಕೊಟ್ಟು ಮುಗಿಸೋದು ಯಾರು? ಸರಿ, ಎಲ್ಲಕ್ಕೂ ಕೈಯಾರೆ ಕತೆ ಬರೆಯೋಕೆ ಹೊರಟ್ರೆ ಆಗಲ್ಲ. ಆದ್ರೆ ಆಟಕ್ಕೆ ಬೇಕಿರೋದು ನೆನಪು, ಮತ್ತು ನೆನಪು ಅಷ್ಟು ದುಬಾರಿ ಅಲ್ಲ. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಅನ್ನೋ ಅಣ್ಣತಮ್ಮಂದಿರು 2006ರಲ್ಲಿ ಡ್ವಾರ್ಫ್ ಫೋರ್ಟ್ರೆಸ್ ಅನ್ನೋ ಆಟವನ್ನ ಬಿಟ್ರು. ಬಹಳ ವರ್ಷ ಅದರ ಪರದೆಯ ಮೇಲೆ ಇದ್ದದ್ದು ಬರೀ ಅಕ್ಷರ, ಚಿಹ್ನೆಗಳು. ಅದರಲ್ಲಿ ಒಬ್ಬ ಡ್ವಾರ್ಫ್‌ಗೆ ಇದ್ದಕ್ಕಿದ್ದ ಹಾಗೆ ಹುಚ್ಚು ಹಿಡಿದಂತಾಗಿ ಒಂದು ಕಾರ್ಯಾಗಾರ ಆಕ್ರಮಿಸಿ ಕೂತ್ಕೋತಾನೆ, ಇಂಥದ್ದೇ ಸಾಮಾನು ಬೇಕು ಅಂತಾನೆ. ಸಿಕ್ಕಿದ್ರೆ ತನ್ನದೇ ಹೆಸರಿರೋ ಅಪರೂಪದ ವಸ್ತುವೊಂದು ಹುಟ್ಟುತ್ತೆ. ಅದರ ಮೇಲೆ ಆ ಲೋಕದ ಹಳೇ ಘಟನೆಗಳ ಚಿತ್ರಗಳೂ ಇರಬಹುದು. ಸಿಗದಿದ್ರೆ ಅವನ ಬುದ್ಧಿಯೇ ಕೆಡುತ್ತೆ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲೂ ಪಳಗಿದ ಕುಶಲಕರ್ಮಿ ತಾನು ಮಾಡಿದ ವಸ್ತುವಿನ ಮೇಲೆ ತನ್ನ ಹೆಸರಿನ ಗುರುತು ಹಾಕಬಹುದಿತ್ತು. ಕೋಡ್‌ನಲ್ಲಿ ಅದು ಎಷ್ಟು? ಒಂದು ಸ್ಟ್ರಿಂಗ್.

ಇನ್ನೊಂದು ಆಕ್ಷೇಪ: "ಇಂಟರ್ನಲ್ಸ್ ಮುಗಿಸಿ ಸುಸ್ತಾಗಿ ಬಂದಿದ್ದೀವಿ, ಸುಮ್ನೆ ಅದಿರು ಒಡೆದುಕೊಂಡು ಇರ್ತೀವಿ ಬಿಡಿ." ಖಂಡಿತ ಇರಿ. ತಲೆ ಓಡಿಸದೆ ಕೈ ಆಡಿಸೋದರಲ್ಲೂ ಸುಖ ಇದೆ. ಆದ್ರೆ ಅದನ್ನ ಪಾತ್ರದ ಬೆಳವಣಿಗೆ ಅಂತ ಆಟ ನಮಗೆ ಮಾರಬಾರದು. ಮೊದಲ ವರ್ಷದ ವರ್ಕ್‌ಶಾಪ್‌ನಲ್ಲಿ ಕಬ್ಬಿಣದ ತುಂಡನ್ನ ಉಜ್ಜಿ ಉಜ್ಜಿ ಎರಡು ಭಾಗ ಕೂಡಿಸಿದವರಿಗೆ ಕೇಳಿ, ಮಾರ್ಕ್ಸ್ ಮರೆತುಹೋಗಿರುತ್ತೆ, ಆ ತುಂಡು ಮಾತ್ರ ಇನ್ನೂ ನೆನಪಿರುತ್ತೆ. ಫ್ಯಾಂಟಸಿ ಲೋಕ ಅದಕ್ಕಿಂತ ಬಡವಾಗಿ ಯಾಕಿರಬೇಕು?

ನಮ್ಮ ಕ್ಯಾಂಪಸ್‌ನಲ್ಲಿ ಯುನಿಟಿ, ಗೊಡಾಟ್ ಹಿಡಿದು ಆಟ ಮಾಡ್ತಿರೋ ಗೆಳೆಯರಿಗೆ ಈ ಮಾತು. ದೊಡ್ಡ ಸ್ಟುಡಿಯೋಗಳ ಹಾಗೆ ಇನ್ನೂರು ರೆಸಿಪಿ ಹಾಕೋಕೆ ನಿಮ್ಮಿಂದ ಆಗಲ್ಲ, ಆಗಬೇಕಾಗೂ ಇಲ್ಲ. ಆರು ರೆಸಿಪಿ ಇಡಿ. ಅದರಲ್ಲಿ ಎರಡನ್ನ ನಿಮ್ಮ ನಾಯಕನಿಂದ ಯಾವತ್ತೂ ಮಾಡೋಕಾಗದ ಹಾಗೆ ಇಡಿ, ಅದಕ್ಕಾಗಿ ಅವನು ಬೇರೆಯವರ ಬಾಗಿಲು ತಟ್ಟಲಿ. ಉಳಿದ ನಾಲ್ಕರಲ್ಲಿ ಹದ ತಪ್ಪೋಕೆ ಜಾಗ ಬಿಡಿ. ಐಟಂ ಕ್ಲಾಸ್ ಬರೆಯೋವಾಗ ಬೆಲೆ, ತೂಕ, ಡ್ಯಾಮೇಜ್ ಪಕ್ಕದಲ್ಲಿ "ಮಾಡಿದವರು" ಅಂತ ಒಂದು ಫೀಲ್ಡ್ ಸೇರಿಸಿ. ಆಮೇಲೆ ಊರಿನ ಒಬ್ಬರಾದರೂ ಅದನ್ನ ಓದೋ ಹಾಗೆ ಮಾಡಿ. ಆಟ ಸಿದ್ಧವಾದಾಗ ನಮ್ಮ ಬಳಗಕ್ಕೆ ತಿಳಿಸಿ, ಮೊದಲು ಆಡೋರು ನಾವೇ.