ಹೇರು ಹೊರುವ ನೆಂಟರು



ಪೀಠದ ಮೇಲಿನ ಲಾಂಛನ ನೋಡಿ ಯಾವ ತೀರ್ಥಂಕರರ ಬಿಂಬವೆಂದು ಗುರುತಿಸುವುದನ್ನು ನಮ್ಮ ಮಕ್ಕಳಿಗೆ ಚಿಕ್ಕಂದಿನಲ್ಲೇ ಕಲಿಸುತ್ತೇವೆ. ಮೂರನೆಯ ಸಂಭವನಾಥ ಸ್ವಾಮಿಗೆ ಕುದುರೆ, ಹನ್ನೊಂದನೆಯ ಶ್ರೇಯಾಂಸನಾಥ ಸ್ವಾಮಿಗೆ ಖಡ್ಗಮೃಗ. ಈ ಎರಡೂ ಪ್ರಾಣಿಗಳು ನೆಂಟರು ಎಂದರೆ ಮಕ್ಕಳು ನಗುತ್ತಾರೆ. ಆದರೆ ಪ್ರಾಣಿಶಾಸ್ತ್ರ ಹೇಳುವುದು ಅದನ್ನೇ.

ಗುರುತು ಇರುವುದು ಕಾಲಿನಲ್ಲಿ. ಹಸು, ಎಮ್ಮೆ, ಆಡುಗಳ ಗೊರಸು ಎರಡಾಗಿ ಸೀಳಿರುತ್ತದೆ. ಕುದುರೆಯದು ಒಂದೇ ಬೆರಳು, ಒಂದೇ ಗೊರಸು. ಖಡ್ಗಮೃಗಕ್ಕೆ ಪ್ರತಿ ಕಾಲಿಗೂ ಮೂರು ಬೆರಳು. ಮಲಯ, ಸುಮಾತ್ರಾ ಕಾಡುಗಳ ಟೇಪಿರ್ ಎಂಬ ಪ್ರಾಣಿಗೆ ಮುಂದೆ ನಾಲ್ಕು, ಹಿಂದೆ ಮೂರು. ಇವೆಲ್ಲಕ್ಕೂ ಮೈಭಾರ ನಿಲ್ಲುವುದು ನಡುಬೆರಳಿನ ಮೇಲೆ. ಖಡ್ಗಮೃಗವೂ ಟೇಪಿರ್ ಪ್ರಾಣಿಯೂ ಕುದುರೆಗೆ ದೂರದ ದಾಯಾದಿಗಳು. ಕತ್ತೆ, ಜೀಬ್ರಾ, ಕಛ್ ರಣದ ಕಾಡುಕತ್ತೆ ಇವು ಒಂದೇ ಮನೆಯವು. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟುವುದು ಹೇಸರಗತ್ತೆ. ತಮಿಳಿನಲ್ಲಿ ಕೋವೇರು ಕಳುದೈ. ಕುದುರೆಗೆ 64 ವರ್ಣತಂತು, ಕತ್ತೆಗೆ 62, ಹೇಸರಗತ್ತೆಗೆ 63. ಬೆಸ ಸಂಖ್ಯೆ ಜೋಡಿಯಾಗದು. ಹಾಗಾಗಿ ಅದಕ್ಕೆ ಸಂತಾನ ಭಾಗ್ಯ ಇಲ್ಲವೆಂದೇ ಹೇಳಬೇಕು. ಜೀವಮಾನವೆಲ್ಲ ಪರರ ಹೇರು ಹೊರುವುದೇ ಅದರ ಪಾಲು.

ಮೆಟ್ರಿಕ್ ಓದಿ ಅಂಗಡಿಯಲ್ಲಿ ಕುಳಿತವನು ಇದನ್ನೆಲ್ಲ ಏಕೆ ಬರೆಯುತ್ತಾನೆಂದು ಕೇಳಬಹುದು. ಈ ಮನೆತನಕ್ಕೂ ನಮ್ಮ ವ್ಯಾಪಾರಕ್ಕೂ ಸಂಬಂಧವಿದೆ, ಅದಕ್ಕಾಗಿ. ಏಲಕ್ಕಿಯ ಕೆಲಸಕ್ಕೆ ಬೋಡಿನಾಯಕನೂರಿಗೆ, ಹಣ್ಣಿನ ಕೆಲಸಕ್ಕೆ ದಿಂಡಿಗಲ್ಲಿಗೆ ಹೋಗುವವರು ನಮ್ಮಲ್ಲಿದ್ದಾರೆ. ಮಂಡಿಯಲ್ಲಿ ನಮಗೆ ಕಾಣುವುದು ಲಾರಿ ಮಾತ್ರ. ರಸ್ತೆಯಿಲ್ಲದ ತೋಟದಿಂದ ರಸ್ತೆಯ ಅಂಚಿನವರೆಗೆ ಆ ಮೂಟೆಯನ್ನು ತಂದ ಬೆನ್ನು ಕಾಣುವುದಿಲ್ಲ. ದಿಂಡಿಗಲ್ ಪಕ್ಕದ ಸಿರುಮಲೈಯಲ್ಲಿ ಬಾಳೆ, ನಿಂಬೆ, ಹಲಸು ಕುದುರೆಯ ಮೇಲೆ ಇಳಿದು ಬಂದವು. ಅಲ್ಲಿನ ಬೆಟ್ಟದ ಬಾಳೆ 2008ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಹೊತ್ತ ಕುದುರೆಯ ಹೆಸರನ್ನು ಯಾರೂ ಹೇಳಲಿಲ್ಲ. ಕೊಡೈಕಾನಲ್ ಕೆಳಗಿನ ವೆಳ್ಳಗವಿ ಊರಿಗೆ ಬಹುಕಾಲ ಅಕ್ಕಿ ಬೇಳೆ ಹೋದದ್ದೂ ಕುದುರೆಯ ಮೇಲೆಯೇ. ಬೋಡಿ ಸುತ್ತಿನ ಬೆಟ್ಟದ ಊರುಗಳಿಗೆ ಚುನಾವಣೆಯ ಮತಯಂತ್ರಗಳನ್ನು ಕುದುರೆಯ ಮೇಲೆ ಕಳಿಸಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ.

ಕಂಬಂ ಊರಿನಲ್ಲಿ ಮನೆಯೊಳಗೆ ಇಂದಿಗೂ ಕನ್ನಡ ಆಡುವ ಒಕ್ಕಲಿಗರಿದ್ದಾರೆ. ಅವರ ನಂದಗೋಪಾಲನ ಗುಡಿಯಲ್ಲಿ ದನಗಳಿಗೆ ಪೂಜೆ ನಡೆಯುತ್ತದೆ, ಮಾಟ್ಟುಪೊಂಗಲ್ ದಿನ ಜನ ಸೇರುತ್ತಾರೆ. ತಮಿಳುನಾಡಿನ ಅಯ್ಯನಾರ್ ಗುಡಿಗಳ ಮುಂದೆ ಮಣ್ಣಿನ ಕುದುರೆಗೂ ಮರ್ಯಾದೆ ಉಂಟು. ಕತ್ತೆಗೆ ಹಬ್ಬವಿಲ್ಲ, ಗುಡಿಯಿಲ್ಲ. ಬೈಗುಳದಲ್ಲಿ ಮಾತ್ರ ಅದರ ಹೆಸರು.

ಆದರೆ ಕತ್ತೆಯ ಪರವಾಗಿ ಒಂದು ಕಾನೂನು ಇದೆ. ಭಾರ ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ನಿಯಮಗಳ ಪ್ರಕಾರ ಕತ್ತೆಯ ಮೇಲೆ 50 ಕಿಲೋ, ತಟ್ಟುಕುದುರೆಯ ಮೇಲೆ 70 ಕಿಲೋ, ಹೇಸರಗತ್ತೆಯ ಮೇಲೆ 200 ಕಿಲೋ ಮೀರಬಾರದು. ದಿನಕ್ಕೆ ಒಟ್ಟು 9 ಗಂಟೆ, ಬಿಡುವಿಲ್ಲದೆ 5 ಗಂಟೆ, ಅದಕ್ಕಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು.

ಸರ್ಕಾರ 1965ರಲ್ಲಿ ಹೇಳಿದ್ದನ್ನು ನಮ್ಮ ಆಚಾರ್ಯರು ಬಹು ಹಿಂದೆಯೇ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಬರುತ್ತವೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದರ ಜೊತೆಗೆ ಅತಿಭಾರಾರೋಪಣ, ಅಂದರೆ ಶಕ್ತಿ ಮೀರಿ ಹೇರುವುದು. ಆಮೇಲೆ ಅನ್ನಪಾನ ತಡೆಯುವುದು. ಈ ಕೊನೆಯ ಮಾತು ಕುದುರೆಯ ಕುಲಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ಹಸುವಿನಂತೆ ಗಬಗಬನೆ ತಿಂದು ಆಮೇಲೆ ಮೆಲುಕು ಹಾಕಲು ಅದಕ್ಕೆ ಬಾರದು. ಜಠರ ಚಿಕ್ಕದು, ಸ್ವಲ್ಪ ಸ್ವಲ್ಪವಾಗಿ ದಿನವಿಡೀ ಮೇಯಬೇಕು. ಬಹಳ ಹೊತ್ತು ಹಸಿದಿಟ್ಟು ಒಮ್ಮೆಗೇ ತಿನ್ನಿಸಿದರೆ ಹೊಟ್ಟೆನೋವು ಬಂದು ಪ್ರಾಣಕ್ಕೇ ಎರವಾಗಬಹುದು.

“ಹೇರಿದವರು ನಾವಲ್ಲ, ಕೂಲಿಯವನು” ಎಂದು ಹೇಳುವವರುಂಟು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಪಾಠಶಾಲೆಯಲ್ಲಿ ಕಲಿತವರು ಈ ಮಾತು ಆಡುವಂತಿಲ್ಲ. ಬಾಡಿಗೆ ಕೊಡುವವನು ಮಾಡಿಸಿದವನು. ನೋಡಿಯೂ ಸುಮ್ಮನಿದ್ದವನು ಒಪ್ಪಿದವನು. ಕುದುರೆ ಸಾಕಿದವನೂ ಬಡವನೇ. ಬಾಡಿಗೆಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರೆ ಇನ್ನಷ್ಟು ಹೇರುವ ಆಸೆ ಅವನಿಗೆ ಹುಟ್ಟುತ್ತದೆ. ಆ ಆಸೆ ಹುಟ್ಟಿಸಿದ್ದು ನಮ್ಮ ಕರಾರು.

ಆದ್ದರಿಂದ ಕರಾರನ್ನೇ ಬದಲಿಸಬೇಕು. ಇಷ್ಟೇ ತೂಕ, ಒಂದು ನಡೆಗೆ ಇಷ್ಟು ಬಾಡಿಗೆ ಎಂದು ಮೊದಲೇ ಗೊತ್ತು ಮಾಡಬೇಕು. ಕತ್ತೆಗೆ ಹೇರುವ ಸರಕನ್ನು 25 ಕಿಲೋ ಮೂಟೆ ಕಟ್ಟಿದರೆ ಎರಡು ಮಗ್ಗುಲಿಗೂ ಸಮತೂಕವಾಗುತ್ತದೆ, ಮಿತಿಯೂ ಮೀರುವುದಿಲ್ಲ. ದಾರಿಯಲ್ಲಿ ನೀರಿಗೆ, ಮೇವಿಗೆ ನಿಲ್ಲಿಸುವ ಹೊತ್ತಿನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2019ರಲ್ಲಿ ಕಿಲೋಗೆ 7,000 ರೂಪಾಯಿ ಮುಟ್ಟಿದ ಏಲಕ್ಕಿಗೆ ಈ ಖರ್ಚು ಏನೂ ಅಲ್ಲ. ಬಾಳೆ, ನಿಂಬೆಯ ವ್ಯಾಪಾರದಲ್ಲಿ ಲಾಭ ತೆಳು, ಖರ್ಚು ಕೈಗೆ ತಟ್ಟುತ್ತದೆ. ವ್ರತದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಈ ಜೀವಿಗಳು ಕಡಿಮೆಯಾಗುತ್ತಲೂ ಇವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3 ಲಕ್ಷ 20 ಸಾವಿರ ಕತ್ತೆಗಳಿದ್ದವು; 2019ರಲ್ಲಿ ಸುಮಾರು 1 ಲಕ್ಷ 20 ಸಾವಿರ. ರಸ್ತೆ ಬಂದಲ್ಲಿ ಹೇರು ಇಳಿಯಿತು, ಅದು ಒಳ್ಳೆಯದೇ. ಆದರೆ ದುಡಿಮೆ ನಿಂತ ಕತ್ತೆಯನ್ನು ಬೀದಿಗೆ ಬಿಡುವುದೂ ಅನ್ನಪಾನ ತಡೆಯುವುದಕ್ಕೆ ಸಮಾನ.

ಕಂಬಂ ಕಣಿವೆಯ ಉತ್ತಮಪಾಳಯದಲ್ಲಿ ಬಂಡೆಯ ಮೇಲೆ ತೀರ್ಥಂಕರರ ಬಿಂಬಗಳಿವೆ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ನಮ್ಮ ಧರ್ಮವಿತ್ತೆಂಬುದಕ್ಕೆ ಸಾಕ್ಷಿ. ಆ ದಾರಿಯಲ್ಲಿ ಹೋಗುವ ವ್ಯಾಪಾರಿ ಬಂಧುಗಳು ಕೈಮುಗಿದು ಮುಂದೆ ಹೋಗಲಿ. ಮುಂದೆ ಬೆಟ್ಟದ ಬುಡದಲ್ಲಿ ಮೂಟೆ ಇಳಿಸುವಾಗ ಒಮ್ಮೆ ತಕ್ಕಡಿ ತರಿಸಿ ತೂಗಿ ನೋಡಲಿ.

ಜೈ ಜಿನೇಂದ್ರ.