ರೆಸ್ಯೂಮೋ ಸಿ.ವಿ.ಯೋ? ಜೆರಾಕ್ಸ್ ಅಂಗಡಿ ಮುಂದೆ ಪೇಚಾಟ

ಬೆಳಿಗ್ಗೆ ಎಂಟರ ಹೊತ್ತಿಗೆ ತುಮಕೂರು ಬಸ್ ನಿಲ್ದಾಣದ ಆಸುಪಾಸಿನ ಜೆರಾಕ್ಸ್ ಅಂಗಡಿಗಳ ಮುಂದೆ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

'ಅಣ್ಣಾ, ಬೆಂಗಳೂರು ಕಂಪನಿಯವ್ರು ಸಿ.ವಿ. ತರೋಕೆ ಹೇಳವ್ರೆ. ನನ್ನ ಹತ್ರ ರೆಸ್ಯೂಮ್ ಐತೆ. ನಡೀತದಾ?'

'ಸಿ.ವಿ. ಅಂದ್ರೆ ನಾಲ್ಕು ಪುಟ ಆಗ್ಬೇಕು ಕಣಮ್ಮ. ಮಾಡ್ಕೊಡ್ತೀನಿ ಕೂತ್ಕೊ.'

ಯಾರದೋ ಹಳೇ ಫೈಲು ತೆರೆಯುತ್ತದೆ. ಹೆಸರು, ಊರು, ಅಂಕ ಬದಲಾಗುತ್ತವೆ. ಉಳಿದದ್ದೆಲ್ಲ ಹಾಗೇ! ಹಿಂದಿನವನಿಗೆ ಟ್ಯಾಲಿ ಬರುತ್ತಿತ್ತು, ಈಕೆಗೂ ಬಂದುಬಿಡುತ್ತದೆ. ಬಸ್ಸಿಗೆ ಹೊತ್ತಾಯಿತು, ಓದಿ ನೋಡಲು ಪುರುಸೊತ್ತಿಲ್ಲ. 'ಮೇಲಿನದೆಲ್ಲ ಸತ್ಯ' ಎಂಬ ಕೊನೆಯ ಸಾಲಿನ ಕೆಳಗೆ ಸಹಿ ಬೀಳುತ್ತದೆ. ಸಂದರ್ಶನದಲ್ಲಿ ಟ್ಯಾಲಿ ಬಗ್ಗೆ ಒಂದು ಪ್ರಶ್ನೆ ಬಂದರೆ, ಸತ್ಯವಾಗಿ ಓದಿ ಗಳಿಸಿದ ಬಿ.ಕಾಂ. ಅಂಕದ ಮೇಲೂ ಅನುಮಾನ. ಎಪ್ಪತ್ತು ಕಿಲೋಮೀಟರ್ ಹೋದ ದಾರಿಗೆ ಸುಂಕವಿಲ್ಲ.

ತಪ್ಪು ಯಾರದು ಸ್ವಾಮಿ? ಅಂಗಡಿಯವನದು ಪುಟದ ವ್ಯಾಪಾರ. ಕೆಲಸ ಕೊಡುವವರು ಒಮ್ಮೆ ರೆಸ್ಯೂಮ್ ಅಂತಾರೆ, ಇನ್ನೊಮ್ಮೆ ಸಿ.ವಿ. ಅಂತಾರೆ. ಮೂರು ವರ್ಷ ಪಾಠ ಹೇಳಿದ ಎಷ್ಟೋ ಕಾಲೇಜುಗಳು ಈ ಒಂದು ಹಾಳೆ ಬರೆಯೋದನ್ನು ಮಾತ್ರ ಹೇಳಿಕೊಟ್ಟಿರುವುದಿಲ್ಲ.

ಅಸಲಿಗೆ ಇದು ಬ್ರಹ್ಮವಿದ್ಯೆಯೇನಲ್ಲ. ರೆಸ್ಯೂಮ್ ಎಂಬುದು ಫ್ರೆಂಚ್ ಮಾತು, ಅರ್ಥ ಸಾರಾಂಶ. ಕರಿಕ್ಯುಲಂ ವೀಟೆ ಎಂಬುದು ಲ್ಯಾಟಿನ್, ಅರ್ಥ ಬದುಕಿನ ಹಾದಿ. ಅಮೆರಿಕದಲ್ಲಿ ಕಂಪನಿ ಕೆಲಸಕ್ಕೆ ಒಂದೆರಡು ಪುಟದ ರೆಸ್ಯೂಮ್, ಪ್ರಾಧ್ಯಾಪಕರಿಗೆ, ಸಂಶೋಧಕರಿಗೆ ಉದ್ದದ ಸಿ.ವಿ. ಬ್ರಿಟನ್ನಿನಲ್ಲಿ ಆ ಚಿಕ್ಕ ಹಾಳೆಗೇ ಸಿ.ವಿ. ಅನ್ನುತ್ತಾರೆ. ಎರಡೂ ಕಡೆಯ ಮಾತು ನಮ್ಮಲ್ಲಿಗೆ ಬಂದು ಕಲಸುಮೇಲೋಗರವಾಗಿದೆ. ಸಾಲದ್ದಕ್ಕೆ ನಮ್ಮದೇ ಬಯೋಡೇಟಾ ಬೇರೆ! ಹೆಣ್ಣು-ಗಂಡು ನೋಡುವುದಕ್ಕೂ ಅದೇ, ಕೆಲಸಕ್ಕೂ ಅದೇ. ಹಾಗಾಗಿಯೇ ಜಾತಿ, ಎತ್ತರ, ಅಪ್ಪನ ಉದ್ಯೋಗ ಎಲ್ಲ ಕಂಪನಿಯ ಮೇಜಿಗೆ ಹೋಗಿ ಕೂರುತ್ತವೆ.

ಆದ್ದರಿಂದ ಹೆಸರು ಬಿಡಿ, ಹುದ್ದೆ ನೋಡಿ. ವಸಂತನರಸಾಪುರದ ಕಾರ್ಖಾನೆಯಿರಲಿ, ಬೆಂಗಳೂರಿನ ಆಫೀಸಿರಲಿ, ಹೊಸಬರು ಸಿ.ವಿ. ಎಂದು ಕೇಳಿದರೂ ಒಂದೇ ಪುಟ ಕೊಟ್ಟರೆ ಸಾಕು. ಓದು, ಬಲ್ಲ ಕೆಲಸ, ಮಾಡಿದ ತರಬೇತಿ, ಫೋನ್ ನಂಬರು. ಆಧಾರ್ ಸಂಖ್ಯೆ ಖಂಡಿತ ಬೇಡ, ಆ ಹಾಳೆ ಯಾರ ಕೈಗೆ ಹೋಗುತ್ತದೋ ಬಲ್ಲವರಾರು? ಉಪನ್ಯಾಸಕ ಅಥವಾ ಸಂಶೋಧನೆಯ ಕೆಲಸವಾದರೆ ಉದ್ದದ ಸಿ.ವಿ. ಬೇಕು. ಪಿಎಚ್.ಡಿ., ನೆಟ್ ಅಥವಾ ಕೆ-ಸೆಟ್, ಪ್ರಕಟವಾದ ಲೇಖನ, ಮಂಡಿಸಿದ ಪ್ರಬಂಧ ಎಲ್ಲ ಅಲ್ಲಿ ಬರಲಿ. ಕೆ.ಪಿ.ಎಸ್.ಸಿ.ಯಂಥ ಸರ್ಕಾರಿ ನೇಮಕಾತಿಗೆ ಎರಡೂ ಬೇಡ. ಅವರದೇ ಅರ್ಜಿ ನಮೂನೆ, ಅಂಕಪಟ್ಟಿ, ಪ್ರಮಾಣಪತ್ರ ಸರಿಯಿದ್ದರಾಯಿತು.

ಲೆಕ್ಕ ಬರೆಯುವವರು ಬೇಕೆಂದು ಬೋರ್ಡು ಹಾಕಿದ ಮಂಡಿಪೇಟೆಯ ಸಾಹುಕಾರರನ್ನೇ ಕೇಳಿ. ಅವರು ನೋಡೋದು ಎರಡೇ: ಜಿ.ಎಸ್.ಟಿ. ಬಿಲ್ಲು ಹಾಕೋಕೆ ಬರ್ತದಾ, ಹೊತ್ತಿಗೆ ಸರಿಯಾಗಿ ಬರ್ತಾರಾ? ನಾಲ್ಕು ಪುಟ ತಿರುವಿ ಹಾಕಲು ಗಿರಾಕಿ ಬಿಡಬೇಕಲ್ಲ!

ಈ ಊರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಮುಚ್ಚಿದ್ದು 2016ರಲ್ಲಿ. ಅಂಥ ದೊಡ್ಡ ಬಾಗಿಲು ಮುಚ್ಚಿದ ಮೇಲೆ ಹುಡುಗರು ಹತ್ತು ಸಣ್ಣ ಬಾಗಿಲು ತಟ್ಟಬೇಕಾಗಿದೆ. ಪ್ರತಿ ಬಾಗಿಲಿಗೂ ಈ ಹಾಳೆಯೇ ಮೊದಲು ಹೋಗುವುದು. ಅದು ತನ್ನದಾಗಿರಲಿ, ನಿಜವಾಗಿರಲಿ. ಹಾಳೆ ದಪ್ಪವಾದರೆ ಸಂಬಳ ದಪ್ಪವಾಗುವುದಿಲ್ಲ.

ಕೊನೆಯ ವರ್ಷದ ತರಗತಿಗೆ ಒಂದು ಮಧ್ಯಾಹ್ನ ಬಿಡುವು ಮಾಡಿ ಇಷ್ಟನ್ನು ಕಲಿಸಿದರೆ ಕಾಲೇಜುಗಳ ಗಂಟೇನೂ ಹೋಗುವುದಿಲ್ಲ. ಪ್ರಾಂಶುಪಾಲರು ಇತ್ತ ಗಮನ ಹರಿಸುವರೇ?